‘ಪ’ ಅಕ್ಷರ ದುಡ್ಡಾದ ದಿನ: ಪತ್ತಿನ ಸಹಕಾರ ಸಂಘಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ಸದಸ್ಯರು,
ಗದಗ, ಧಾರವಾಡ ಮತ್ತು ಹಾವೇರಿ ಜಿಲ್ಲೆಗಳ ಪತ್ತಿನ ಸಹಕಾರ ಸಂಘಗಳು

ವಿಷಯ: ಹೊಸ ತಂತ್ರಾಂಶ ಕೊಳ್ಳುವ ಮುನ್ನ ಅದನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ವಿಚಾರಿಸುವ ಕುರಿತು

ಮಾನ್ಯರೇ,

ಕಳೆದ ಸೆಪ್ಟೆಂಬರಿನಲ್ಲಿ, ನಾನು ಶೇರುದಾರಳಾಗಿರುವ ಪತ್ತಿನ ಸಂಘವೊಂದರ ವಾರ್ಷಿಕ ಮಹಾಸಭೆಗೆ ಹೋಗಿದ್ದೆ. ವಿಷಯಪಟ್ಟಿಯಲ್ಲಿ ಏಳನೆಯದು ಹೊಸ ತಂತ್ರಾಂಶದ ಖರೀದಿ. ಮೂರು ದರಪಟ್ಟಿಗಳನ್ನು ಓದಿ ಹೇಳಿದರು. ಪಾಸ್‌ಬುಕ್ ಮುದ್ರಣ ಸ್ಪಷ್ಟವಾಗಿ ಬರುತ್ತದೆಯೇ, ಮೊಬೈಲಿಗೆ ಸಂದೇಶ ಹೋಗುತ್ತದೆಯೇ, ವರ್ಷದ ನಿರ್ವಹಣಾ ಶುಲ್ಕದಲ್ಲಿ ಎಷ್ಟು ಬಿಡುತ್ತಾರೆ ಎಂದು ಸದಸ್ಯರು ಕೇಳಿದರು. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ನಾನು ಎದ್ದು, ಇದನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದಾರೆ ಎಂದು ಕೇಳಿದೆ. ಅಧ್ಯಕ್ಷರು ಸೌಜನ್ಯದಿಂದಲೇ, “ಅಕ್ಕಾ, ಅದು ಕಂಪನಿಯವರು ನೋಡಿಕೊಳ್ಳುವ ವಿಷಯ” ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾರಾಟ ಪ್ರತಿನಿಧಿ ಎದ್ದು ನಿಂತು, “ಮೇಡಂ, ಜಗತ್ತಿನಲ್ಲಿಯೇ ಅತ್ಯಂತ ಸುರಕ್ಷಿತವಾದ ಭಾಷೆ. ಇದರಲ್ಲಿ ತಪ್ಪೇ ಆಗುವುದಿಲ್ಲ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಠರಾವು ಪಾಸಾಯಿತು.

ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕಾಗಿಯೇ ಈ ಪತ್ರ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಈ ಭಾಗದ ಸಣ್ಣ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂಗಳನ್ನು ಬರೆದುಕೊಟ್ಟಿದ್ದೇನೆ, ಬೇರೆಯವರು ಬರೆದದ್ದನ್ನು ದುರಸ್ತಿ ಮಾಡಿದ್ದೇನೆ. ಭಾಷೆಯ ಆಯ್ಕೆ ಕಂಪನಿಯವರು ನೋಡಿಕೊಳ್ಳುವ ವಿಷಯ ಎಂಬ ಮಾತನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆ ನಂಬಿಕೆ ಯಾವ ದಿನ, ಎಷ್ಟು ರೂಪಾಯಿ ಎಷ್ಟು ಪೈಸೆಗೆ ಮುರಿಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ಗದಗ ಜಿಲ್ಲೆಯ ಒಂದು ಹಳ್ಳಿಯ ಸಂಘ. ಅಲ್ಲಿಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿತಾಯ ಖಾತೆಗಳ ಪ್ರೋಗ್ರಾಂ ಬರೆದವಳು ನಾನು. ಸಿ ಭಾಷೆಯಲ್ಲಿ ಬರೆದೆ. ಕಾರಣಗಳು ಆಗ ಸರಿಯಾಗಿಯೇ ಕಂಡಿದ್ದವು: ಯಂತ್ರ ಹಳೆಯದು, ಮೆಮೊರಿ ಕಡಿಮೆ, ಸಿ ವೇಗವಾಗಿ ಓಡುತ್ತದೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಉಚಿತವಾಗಿ ಸಿಗುತ್ತದೆ, ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಪ್ರತಿಯೊಂದು ಖಾತೆಯ ದಾಖಲೆಯಲ್ಲಿ ಅಡ್ಡಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಅದಕ್ಕೆ ಅಂಟಿಕೊಂಡಂತೆ ಶಿಲ್ಕು, ಅಂದರೆ ಖಾತೆಯಲ್ಲಿ ಉಳಿದಿರುವ ಹಣ. ಸ್ವಂತ ಹೆಸರಿಗೆ 24 ಬೈಟ್ ಜಾಗ ಇಟ್ಟೆ. ಬೈಟ್ ಎಂದರೆ ಕಂಪ್ಯೂಟರಿನ ಮೆಮೊರಿಯಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುವ ಚಿಕ್ಕ ಜಾಗ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದಕ್ಕೆ ಒಂದು ಬೈಟ್. ಚನ್ನಬಸಪ್ಪ ಎಂದು ಬರೆದರೆ 13 ಬೈಟ್ ಸಾಕು. 24 ಧಾರಾಳವಾಯಿತು ಎಂದುಕೊಂಡೆ.

ಎಂಟು ವರ್ಷ ಅದು ಒಂದು ದಿನವೂ ತಕರಾರು ಮಾಡಲಿಲ್ಲ. ಆಮೇಲೆ ಆಡಳಿತ ಮಂಡಳಿ ಒಂದು ಒಳ್ಳೆಯ ತೀರ್ಮಾನ ಮಾಡಿತು: ಪಾಸ್‌ಬುಕ್ಕುಗಳಲ್ಲಿ ಸದಸ್ಯರ ಹೆಸರು ಕನ್ನಡದಲ್ಲಿಯೇ ಇರಬೇಕು. ನಾನು ಸಂತೋಷದಿಂದ ಒಪ್ಪಿಕೊಂಡೆ. ಪರದೆಯನ್ನು ಕನ್ನಡಕ್ಕೆ ಬದಲಾಯಿಸಿದೆ, ದಾಖಲೆಯ ರಚನೆಯನ್ನು ಹಾಗೆಯೇ ಬಿಟ್ಟೆ. ಗುಮಾಸ್ತರು ಒಂದೊಂದೇ ಖಾತೆ ತೆರೆದು ಹೆಸರು ತಿದ್ದತೊಡಗಿದರು.

ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಯುಟಿಎಫ್-8 ಎಂಬ ಈಗಿನ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ಚನ್ನಬಸಪ್ಪ ಐದೇ ಅಕ್ಷರ. ಒಳಗಡೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕೂಡುತ್ತವೆ: ಚ, ನ, ಹಲಂತದ ಗುರುತು, ನ, ಬ, ಸ, ಪ, ಮತ್ತೆ ಹಲಂತ, ಪ. ಒಟ್ಟು ಒಂಬತ್ತು ಸಂಕೇತ, 27 ಬೈಟ್. ಹೆಸರು ಮುಗಿಯಿತು ಎಂದು ಸೂಚಿಸುವ ಸೊನ್ನೆಯನ್ನೂ ಸೇರಿಸಿದರೆ 28. ನಾನು ಇಟ್ಟಿದ್ದ ಜಾಗ 24. ಉಳಿದ ನಾಲ್ಕು ಬೈಟ್ ಎಲ್ಲಿಗೆ ಹೋಗಬೇಕು? ಪಕ್ಕದ ಮನೆಗೆ. ಪಕ್ಕದ ಮನೆಯಲ್ಲಿ ಇದ್ದದ್ದು ಶಿಲ್ಕು, ಅದಕ್ಕೆ ಸರಿಯಾಗಿ ನಾಲ್ಕೇ ಬೈಟ್.

‘ಪ’ ಅಕ್ಷರದ ಮೂರು ಬೈಟ್‌ಗಳು 224, 178 ಮತ್ತು 170. ಅವುಗಳ ಹಿಂದೆ ಆ ಸೊನ್ನೆ. ಈ ನಾಲ್ಕನ್ನು, ಮೊದಲ ಬೈಟನ್ನು ಬಿಡಿಸ್ಥಾನವೆಂದು ಹಿಡಿದು, ಒಂದು ಸಂಖ್ಯೆ ಎಂದು ಕಂಪ್ಯೂಟರ್ ಓದಿದರೆ 1,11,86,912 ಆಗುತ್ತದೆ. ಶಿಲ್ಕನ್ನು ನಾವು ಪೈಸೆಯಲ್ಲಿ ಇಡುತ್ತಿದ್ದೆವು. ಹೀಗಾಗಿ ಖಾತೆಯಲ್ಲಿ 4,320 ರೂಪಾಯಿ ಇದ್ದ ಸದಸ್ಯರೊಬ್ಬರ ಶಿಲ್ಕು, ಹೆಸರು ತಿದ್ದಿದ ಕ್ಷಣದಲ್ಲಿ, 1,11,869 ರೂಪಾಯಿ 12 ಪೈಸೆ ಆಯಿತು. ಪರದೆಯ ಮೇಲೆ ಹೆಸರು ಮಾತ್ರ ಚೆಂದವಾಗಿ, ಪೂರ್ಣವಾಗಿ, ತಪ್ಪಿಲ್ಲದೆ ಕಾಣುತ್ತಿತ್ತು. ಯಾವ ಎಚ್ಚರಿಕೆಯೂ ಬರಲಿಲ್ಲ. ಪ್ರೋಗ್ರಾಂ ನಿಲ್ಲಲಿಲ್ಲ.

ಇದು ಗೊತ್ತಾದದ್ದು ಆ ಸಂಘದ ಕಾರ್ಯದರ್ಶಿಯವರಿಂದ. ಕಂಪ್ಯೂಟರ್ ಬಂದು ಎಂಟು ವರ್ಷವಾದರೂ ಅವರು ಕೈಬರಹದ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುವುದನ್ನು ಬಿಟ್ಟಿರಲಿಲ್ಲ. ಸಂಜೆ ಎರಡೂ ತಾಳೆಯಾಗಲಿಲ್ಲ. ಖತಾವಣಿ ತಿರುವಿ ಹಾಕಿದರೆ ಚನ್ನಬಸಪ್ಪ, ಗುರುಬಸಪ್ಪ, ಮಲ್ಲೇಶಪ್ಪ ಎಂಬ ಮೂರು ಹೆಸರುಗಳ ಎದುರು ಒಂದೇ ಮೊತ್ತ, ಪೈಸೆಯವರೆಗೂ ಒಂದೇ. ನಮ್ಮ ಕಡೆ ಈ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ. ಮೂರೂ ಹೆಸರುಗಳು ಒಂಬತ್ತು ಸಂಕೇತದವು, ಮೂರೂ ‘ಪ’ದಲ್ಲಿ ಮುಗಿಯುತ್ತವೆ. ನನಗೆ ಫೋನ್ ಬಂದಾಗ ರಾತ್ರಿ ಒಂಬತ್ತು ಗಂಟೆ. ಮರುದಿನ ಮೊದಲ ಬಸ್ಸಿಗೆ ಹೋದೆ.

ದೊಡ್ಡ ತಪ್ಪು ತಾನಾಗಿಯೇ ಮುಖ ತೋರಿಸಿತು. ನನ್ನನ್ನು ಇಂದಿಗೂ ಕಾಡುವುದು ಸಣ್ಣದು. ಸಿದ್ದಪ್ಪ ಎಂಬ ಹೆಸರು ಕಣ್ಣಿಗೆ ಮೂರು ಅಕ್ಷರ, ಒಳಗೆ ಎಂಟು ಸಂಕೇತ, ಸರಿಯಾಗಿ 24 ಬೈಟ್. ಅಂದರೆ ಹೆಸರು ಹಿಡಿಸಿತು, ಕೊನೆಯ ಸೊನ್ನೆಗೆ ಮಾತ್ರ ಜಾಗ ಸಾಲಲಿಲ್ಲ. ಆ ಒಂದು ಸೊನ್ನೆ ಶಿಲ್ಕಿನ ಮೊದಲ ಬೈಟನ್ನು ಅಳಿಸಿತು. 4,320 ರೂಪಾಯಿ ಇದ್ದಲ್ಲಿ 4,318 ರೂಪಾಯಿ 72 ಪೈಸೆ ಉಳಿಯಿತು. ಹೀಗೆ ಹೋಗಬಹುದಾದದ್ದು ಹೆಚ್ಚೆಂದರೆ ಎರಡು ರೂಪಾಯಿ 55 ಪೈಸೆ. ಅಷ್ಟನ್ನು ಯಾವ ಸದಸ್ಯ ಬಂದು ಕೇಳುತ್ತಾನೆ? ಪ್ರತಿಯೊಂದು ಖಾತೆಯನ್ನೂ ಕಿರ್ದಿಯ ಪಕ್ಕದಲ್ಲಿಟ್ಟು ನೋಡಿ ಸರಿಪಡಿಸಲು ನನಗೂ ಕಾರ್ಯದರ್ಶಿಯವರಿಗೂ ಎಂಟು ದಿನ ಬೇಕಾಯಿತು. ಕೈಬರಹದ ಕಿರ್ದಿ ಇಲ್ಲದಿದ್ದರೆ ಎಂಟು ವರ್ಷಗಳಾದರೂ ಸಾಲುತ್ತಿರಲಿಲ್ಲ.

24 ಎಂದು ಬರೆದದ್ದು ನನ್ನ ತಪ್ಪು. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಅದೇ ತಪ್ಪನ್ನು ನಾನು ಜಾವಾದಲ್ಲೋ ಪೈಥಾನ್‌ನಲ್ಲೋ ಮಾಡಿದ್ದರೆ, ಹೆಸರು ತನ್ನ ಜಾಗ ಮೀರಿ ಪಕ್ಕದ ಹಣದ ಮೇಲೆ ಕೂರುವುದು ಸಾಧ್ಯವೇ ಆಗುತ್ತಿರಲಿಲ್ಲ. ಒಂದೋ ಜಾಗ ತಾನಾಗಿ ಬೆಳೆಯುತ್ತಿತ್ತು, ಇಲ್ಲವೇ ಪ್ರೋಗ್ರಾಂ ಆ ಸಾಲಿನಲ್ಲಿ ನಿಂತು ದೂರು ಹೇಳುತ್ತಿತ್ತು. ಸಿ ಭಾಷೆ ಗಡಿಯನ್ನು ಕಾಯುವುದಿಲ್ಲ. ಕಾಯುವ ಕೆಲಸವನ್ನು ಬರೆಯುವವರಿಗೆ ಬಿಟ್ಟು ಆ ಉಳಿತಾಯದಿಂದ ವೇಗ ಕೊಡುತ್ತದೆ. ನಾನು ವೇಗವನ್ನು ಆರಿಸಿಕೊಂಡಾಗ ಜೊತೆಯಲ್ಲಿ ಏನನ್ನು ಆರಿಸಿಕೊಂಡೆ ಎಂಬುದು ನನಗೆ ಗೊತ್ತಿರಲಿಲ್ಲ, ಸಂಘಕ್ಕಂತೂ ಯಾರೂ ಹೇಳಿರಲಿಲ್ಲ. ದಿನಕ್ಕೆ ನೂರು ವ್ಯವಹಾರ ನಡೆಯುವ ಸಂಘಕ್ಕೆ ಆ ವೇಗದ ಅಗತ್ಯವೇ ಇರಲಿಲ್ಲ ಎಂಬುದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಇದು ಹಳ್ಳಿಯ ಒಬ್ಬ ಪ್ರೋಗ್ರಾಮರ್‌ಳ ಅನುಭವ ಮಾತ್ರ ಎಂದು ದಯವಿಟ್ಟು ಭಾವಿಸಬೇಡಿ. 1988ರ ನವೆಂಬರಿನಲ್ಲಿ ಅಮೆರಿಕದ ಸಾವಿರಾರು ಕಂಪ್ಯೂಟರ್‌ಗಳಿಗೆ ತಾನಾಗಿಯೇ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಒಳನುಗ್ಗಿದ ಹಾದಿಗಳಲ್ಲಿ ಒಂದು ಇದೇ ಆಗಿತ್ತು: 512 ಬೈಟ್‌ನ ಜಾಗಕ್ಕೆ ಅದಕ್ಕಿಂತ ಉದ್ದದ ಮಾತು. ಅದಕ್ಕೆ ಬಾಗಿಲು ತೆರೆದುಕೊಟ್ಟ ಸಿ ಭಾಷೆಯ ಫಂಕ್ಷನ್ (ಸಿದ್ಧ ಕೋಡಿನ ತುಣುಕು) ಅಧಿಕೃತ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ, 23 ವರ್ಷಗಳ ನಂತರ. 2014ರ ಏಪ್ರಿಲ್‌ನಲ್ಲಿ ಹೊರಬಂದ ಹಾರ್ಟ್‌ಬ್ಲೀಡ್ ಎಂಬ ದೋಷವೂ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂನದೇ. ಗಡಿ ನೋಡದೆ ಓದಿದ್ದರಿಂದ, ಕೇಳಿದವರಿಗೆಲ್ಲ ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಒಳಗಿನ ಗುಟ್ಟುಗಳು ಸೋರಿಹೋಗಬಹುದಾಗಿತ್ತು. 2024ರ ಜುಲೈ 19ರಂದು ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ನಿಮಗೆ ನೆನಪಿರಬಹುದು. ಅಂದು, ಭದ್ರತಾ ತಂತ್ರಾಂಶ ಮಾರುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ, 20 ಮೌಲ್ಯಗಳು ಇದ್ದಲ್ಲಿ 21ನೆಯದನ್ನು ಓದಲು ಹೋಗಿ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕುಸಿದವು. ತಮ್ಮ ತಂತ್ರಾಂಶದ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡ 70ರಷ್ಟು ಮೆಮೊರಿಯನ್ನು ಸರಿಯಾಗಿ ಕಾಯದ ಈ ಜಾತಿಯವೇ ಎಂದು ಮೈಕ್ರೋಸಾಫ್ಟ್‌ನವರು 2019ರಲ್ಲಿ ಹೇಳಿದರು. ಗೂಗಲ್‌ನ ಕ್ರೋಮ್ ತಂಡದವರೂ ಮರುವರ್ಷ ತಮ್ಮ ಗಂಭೀರ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಅಂಕಿ ಕೊಟ್ಟರು.

ಹಾಗಾದರೆ ಸಿ ಬಿಟ್ಟು ಬೇರೆ ಯಾವುದಾದರೂ ಭಾಷೆಗೆ ಹೋದರೆ ಮುಗಿಯಿತೇ? ಮುಗಿಯುವುದಿಲ್ಲ. ಅದನ್ನು ಕಂಡದ್ದು ಹಾವೇರಿ ಜಿಲ್ಲೆಯ ಇನ್ನೊಂದು ಸಂಘದಲ್ಲಿ.

ಅಲ್ಲಿಯವರು ಹೊಸ ತಂತ್ರಾಂಶ ಹಾಕಿಸಿದ್ದರು, ಬ್ರೌಸರ್‌ನಲ್ಲಿ ನಡೆಯುವಂಥದ್ದು, ಲೆಕ್ಕವೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿ. ಪಿಗ್ಮಿ ಸಂಗ್ರಹದ ಯಂತ್ರದಿಂದ ಬರುವ ಮೊತ್ತ ಸಂಖ್ಯೆಯ ರೂಪದಲ್ಲಿ ಬರದೆ ಅಕ್ಷರಗಳ ಸಾಲಾಗಿ ಬರುತ್ತಿತ್ತು. ಅಕ್ಷರಗಳಾಗಿ ಬಂದ 100ಕ್ಕೆ 50ನ್ನು ಕೂಡಿಸು ಎಂದರೆ ಜಾವಾಸ್ಕ್ರಿಪ್ಟ್ ಎರಡನ್ನೂ ಅಕ್ಕಪಕ್ಕ ಅಂಟಿಸಿ 10050 ಎನ್ನುತ್ತದೆ. ಭಾಷೆಯ ನಿಯಮವೇ ಹಾಗೆ. ಬೀದಿಬದಿಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಗಳ ಖಾತೆಯಲ್ಲಿ ಒಂದೇ ದಿನಕ್ಕೆ ಹತ್ತು ಸಾವಿರ ಕಂಡಾಗ ಪಿಗ್ಮಿ ಸಂಗ್ರಾಹಕರೇ ಓಡಿಬಂದು ಹೇಳಿದರು, ಅದು ಅಂದೇ ಸರಿಯಾಯಿತು. ಸರಿಯಾಗದೆ ಉಳಿದದ್ದು ಪೈಸೆ. ಆ ಭಾಷೆಯ ಸಾಮಾನ್ಯ ಸಂಖ್ಯೆಗಳು ದ್ವಿಮಾನ ಭಿನ್ನರಾಶಿಗಳು. ಮೂರರಲ್ಲಿ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಉದ್ದ ಬರೆದರೂ ಮುಗಿಯದಂತೆ, ಹತ್ತು ಪೈಸೆಯನ್ನು ಕಂಪ್ಯೂಟರ್ ಆ ರೂಪದಲ್ಲಿ ಸರಿಯಾಗಿ ಹಿಡಿಯಲಾರದು. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 1.005ನ್ನು ಎರಡು ದಶಮಾಂಶಕ್ಕೆ ಇಳಿಸಿದರೆ 1.01 ಬರಬೇಕಾದಲ್ಲಿ 1.00 ಬರುತ್ತದೆ. ಸಾವಿರಾರು ಖಾತೆಗಳಿಗೆ ಬಡ್ಡಿ ಕಟ್ಟಿದ ಮೇಲೆ ಕಿರ್ದಿ ಎಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ವ್ಯತ್ಯಾಸವನ್ನು ಸರಿದೂಗಿಸಲು ಗುಮಾಸ್ತರು ಒಂದು ಪ್ರತ್ಯೇಕ ಖಾತೆಯನ್ನೇ ತೆರೆದಿದ್ದರು. ಲೆಕ್ಕಪರಿಶೋಧಕರು ಆ ಖಾತೆಯನ್ನು ನೋಡಿ ಮೊದಲು ಸಂಶಯಪಟ್ಟದ್ದು ಆ ಗುಮಾಸ್ತರನ್ನೇ. ಇಪ್ಪತ್ತೆರಡು ವರ್ಷ ಪ್ರಾಮಾಣಿಕವಾಗಿ ದುಡಿದ ಮನುಷ್ಯ ಅವರು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಎದುರು ಕುಳಿತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಈ ಭಿನ್ನರಾಶಿಯ ತೊಂದರೆ ಜಾವಾಸ್ಕ್ರಿಪ್ಟ್‌ಗೆ ಮಾತ್ರ ಸೀಮಿತವಲ್ಲ. ಸಿ, ಜಾವಾ, ಪೈಥಾನ್, ರಸ್ಟ್ ಎಲ್ಲದರಲ್ಲಿಯೂ ಆ ಬಗೆಯ ಸಂಖ್ಯೆ ಇದೆ, ಅದನ್ನೇ ಬಳಸಿದರೆ ಅಲ್ಲೂ ಇದೇ ಗತಿ. ಜಾವಾ ಮತ್ತು ಪೈಥಾನ್‌ನಲ್ಲಿ ಹಣದ ಲೆಕ್ಕಕ್ಕೆ ಬೇರೆಯೇ ದಶಮಾಂಶ ಸಂಖ್ಯೆಗಳಿವೆ, ಆದರೆ ಬರೆಯುವವರು ನೆನಪಿಟ್ಟು ಅವನ್ನು ಆರಿಸಿಕೊಳ್ಳಬೇಕು. 1959ರಲ್ಲಿ ರೂಪುಗೊಂಡ ಕೋಬಾಲ್ ದಶಮಾಂಶ ಲೆಕ್ಕವನ್ನು ಮೊದಲಿನಿಂದಲೂ ಸಹಜವಾಗಿ ಮಾಡುತ್ತ ಬಂದಿದೆ. ಹಳೆಯದೆಂದು ನಾವು ತಳ್ಳಿಹಾಕುವ ಭಾಷೆಗೆ ಲೆಕ್ಕದ ಮನೆಯ ಸಂಕಟ ಗೊತ್ತಿತ್ತು.

ಪೈಥಾನ್ ಬಗ್ಗೆಯೂ ಒಂದು ಮಾತು. ನನಗೆ ಅದು ಪ್ರೀತಿಯ ಭಾಷೆ, ನಮ್ಮ ಹುಡುಗರು ಬೇಗ ಕಲಿಯುತ್ತಾರೆ, ಅಕ್ಷರಕ್ಕೆ ಸಂಖ್ಯೆಯನ್ನು ಅಂಟಿಸಲು ಅದು ಒಪ್ಪುವುದಿಲ್ಲ. ಆದರೆ ಒಪ್ಪುವುದಿಲ್ಲ ಎಂದು ಅದು ಹೇಳುವುದು ಆ ಸಾಲು ಓಡಿದಾಗ ಮಾತ್ರ. ವರ್ಷಕ್ಕೊಮ್ಮೆ ಮಾರ್ಚ್ 31ರ ರಾತ್ರಿ ಮಾತ್ರ ಓಡುವ ಸಾಲಿನಲ್ಲಿ ತಪ್ಪಿದ್ದರೆ ಅದು ಗೊತ್ತಾಗುವುದೂ ಆ ರಾತ್ರಿಯೇ. ಹುಬ್ಬಳ್ಳಿಯ ಒಂದು ಸಂಘದಲ್ಲಿ ಹಾಗೆ ಆಗಿ, ಬೆಳಗಿನ ಎರಡು ಗಂಟೆಯವರೆಗೆ ಸಿಬ್ಬಂದಿಯೊಂದಿಗೆ ನಾನೂ ಕುಳಿತಿದ್ದೆ.

ಈಗ ಮಾರಾಟ ಪ್ರತಿನಿಧಿ ಹೇಳಿದ “ಅತ್ಯಂತ ಸುರಕ್ಷಿತ” ಭಾಷೆಗೆ ಬರುತ್ತೇನೆ. ಸಭೆ ಮುಗಿದ ಮೇಲೆ ಅವರನ್ನು ಕೇಳಿದೆ, ರಸ್ಟ್ ಎಂದರು. ರಸ್ಟ್‌ನ ಮೊದಲ ಸ್ಥಿರ ಆವೃತ್ತಿ 2015ರ ಮೇ ತಿಂಗಳಲ್ಲಿ ಬಂತು. ಮೆಮೊರಿಯ ಗಡಿಯನ್ನು ಅದು ಬಹಳ ಕಟ್ಟುನಿಟ್ಟಾಗಿ ಕಾಯುತ್ತದೆ, ಅದಕ್ಕಾಗಿ ವೇಗವನ್ನೂ ಹೆಚ್ಚು ಬಲಿಕೊಡುವುದಿಲ್ಲ. ನನ್ನ 24 ಬೈಟ್‌ನ ಅನಾಹುತ ಅದರ ಸಾಮಾನ್ಯ ಕೋಡಿನಲ್ಲಿ ಆಗಲಾರದು. 2022ರ ಡಿಸೆಂಬರಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ತನ್ನ ತಿರುಳಿನಲ್ಲಿ ಅದಕ್ಕೆ ಜಾಗ ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಶ್ವೇತಭವನದ ಸೈಬರ್ ಕಚೇರಿಯೇ ಮೆಮೊರಿ ಸುರಕ್ಷಿತ, ಅಂದರೆ ಮೆಮೊರಿಯನ್ನು ತಾವೇ ಕಾಯುವ, ಭಾಷೆಗಳಿಗೆ ಹೋಗಿ ಎಂದು ಕಂಪನಿಗಳನ್ನು ಒತ್ತಾಯಿಸಿತು. ಆ ಭಾಷೆಯ ಬಗ್ಗೆ ನನಗೆ ಗೌರವವಿದೆ. ನನ್ನ ಆಕ್ಷೇಪ “ತಪ್ಪೇ ಆಗುವುದಿಲ್ಲ” ಎಂಬ ಮಾತಿನ ಮೇಲೆ.

ನಾಲ್ಕು ಬೈಟ್‌ನ ಸಂಖ್ಯೆಯಲ್ಲಿ ಪೈಸೆಯ ಲೆಕ್ಕ ಇಟ್ಟರೆ ಅದು ಹಿಡಿಯುವುದು 2,14,74,836 ರೂಪಾಯಿ 47 ಪೈಸೆಯವರೆಗೆ. ಸಂಘದ ಒಟ್ಟು ಠೇವಣಿ ಅದಕ್ಕಿಂತ ಒಂದು ಪೈಸೆ ಹೆಚ್ಚಾದರೆ ಮೊತ್ತ ಹಠಾತ್ತನೆ ಋಣ ಸಂಖ್ಯೆಯಾಗಿ ಬಿಡಬಹುದು. ರಸ್ಟ್ ಪರೀಕ್ಷೆಯ ಹಂತದಲ್ಲಿ ಇದನ್ನು ಹಿಡಿದು ನಿಲ್ಲುತ್ತದೆ. ಆದರೆ ಗ್ರಾಹಕರಿಗೆ ಕೊಡುವ ಅಂತಿಮ ರೂಪದಲ್ಲಿ, ಬೇರೆ ರೀತಿ ಹೇಳದಿದ್ದರೆ, ಆ ತಪಾಸಣೆ ನಿಂತಿರುತ್ತದೆ. ಸಂಖ್ಯೆ ಸದ್ದಿಲ್ಲದೆ ತಿರುಗಿಬಿಡುತ್ತದೆ. ವೇಗಕ್ಕಾಗಿ ಮಾಡಿದ ಹೊಂದಾಣಿಕೆ ಅದು, ದಾಖಲೆಗಳಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ತಪಾಸಣೆಯನ್ನು ಮತ್ತೆ ಚಾಲೂ ಮಾಡಲು ಒಂದು ಸಾಲು ಸಾಕು. ಆ ಒಂದು ಸಾಲನ್ನು ನಿಮ್ಮ ಕಂಪನಿಯವರು ಬರೆದಿದ್ದಾರೆಯೇ?

ಕಟ್ಟುನಿಟ್ಟಿನ ಭಾಷೆ ತಪ್ಪಾದಾಗ ನಿಂತುಬಿಡುತ್ತದೆ ಎಂಬುದಕ್ಕೂ ಬೆಲೆ ಇದೆ. 2025ರ ನವೆಂಬರ್ 18ರಂದು ಜಗತ್ತಿನ ಅಸಂಖ್ಯಾತ ಜಾಲತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಜಾಲತಾಣಗಳಿಗೆ ರಕ್ಷಣೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿಯ ರಸ್ಟ್ ಪ್ರೋಗ್ರಾಂ, ಒಂದು ಕಡತದಲ್ಲಿ ನಿಗದಿತ 200ಕ್ಕಿಂತ ಹೆಚ್ಚು ನಮೂದುಗಳು ಬಂದಾಗ, ಅದನ್ನು ನಿಭಾಯಿಸುವ ದಾರಿ ಬರೆದಿರದ ಕಾರಣ ನಿಂತುಹೋಯಿತು. ಮೆಮೊರಿ ಕೆಡಲಿಲ್ಲ, ಪಕ್ಕದ ಮನೆಗೆ ಏನೂ ನುಗ್ಗಲಿಲ್ಲ, ಆದರೆ ಸೇವೆ ನಿಂತಿತು. ಹಣ ತಪ್ಪುವುದಕ್ಕಿಂತ ಕೆಲಸ ನಿಲ್ಲುವುದೇ ಮೇಲು ಎಂದು ನಾನು ಖಂಡಿತ ಹೇಳುತ್ತೇನೆ. ಹಾಗೆ ನಿಂತ ದಿನ, ಬಿತ್ತನೆಯ ಹೊತ್ತಿನಲ್ಲಿ ಬೀಜ ಗೊಬ್ಬರಕ್ಕೆ ಹಣ ಬಿಡಿಸಿಕೊಳ್ಳಲು ಸರದಿಯಲ್ಲಿ ನಿಂತ ರೈತರಿಗೆ ಏನು ಹೇಳುತ್ತೀರಿ ಎಂಬುದನ್ನು ಮಾತ್ರ ಮೊದಲೇ ಯೋಚಿಸಿಟ್ಟಿರಬೇಕು.

ಇನ್ನೂ ಹಳೆಯ ಉದಾಹರಣೆ ಬೇಕಿದ್ದರೆ 1996ರ ಜೂನ್ 4ರ ಏರಿಯಾನ್-5 ರಾಕೆಟ್ ಇದೆ. ಅದರ ಪ್ರೋಗ್ರಾಂ ಅಡಾ ಭಾಷೆಯದು, ಸುರಕ್ಷತೆಗೆಂದೇ ಕಟ್ಟಿದ ಭಾಷೆ. ಹಿಂದಿನ ರಾಕೆಟ್‌ನಿಂದ ಎತ್ತಿಕೊಂಡ ಕೋಡಿನಲ್ಲಿ ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ಗಳಿಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿದ್ದರು. ಪ್ರೊಸೆಸರ್ ಮೇಲಿನ ಹೊರೆ ಕಡಿಮೆ ಇರಲಿ ಎಂದು ಮೂರಕ್ಕೆ ಹಾಕಿರಲಿಲ್ಲ. ಆ ಮೂರರಲ್ಲಿ ಒಂದು ಕೈಕೊಟ್ಟಿತು, ಮೇಲೇರಿದ ಒಂದು ನಿಮಿಷದೊಳಗೆ ರಾಕೆಟ್ ಚೂರಾಯಿತು. ಇನ್ನು 2021ರ ಡಿಸೆಂಬರಿನಲ್ಲಿ ಜಗತ್ತನ್ನೇ ನಡುಗಿಸಿದ ಲಾಗ್4ಶೆಲ್ ದೋಷ ಕಂಡದ್ದು ಜಾವಾದಲ್ಲಿ, ಮೆಮೊರಿ ಸುರಕ್ಷಿತ ಭಾಷೆಯಲ್ಲಿ. ಭಾಷೆಯ ತಪ್ಪಿರಲಿಲ್ಲ. ಎಲ್ಲರೂ ಕಣ್ಣುಮುಚ್ಚಿ ಸೇರಿಸಿಕೊಂಡಿದ್ದ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಹೊರಗಿನಿಂದ ಬಂದ ಮಾತನ್ನು ಅಪ್ಪಣೆಯೆಂದು ಪಾಲಿಸುತ್ತಿತ್ತು.

ಮತ್ತೊಂದು ಬೆಲೆ ನಮ್ಮ ಊರಿನದೇ. ಜಾವಾ ಬಲ್ಲವರು, ಪೈಥಾನ್ ಬಲ್ಲವರು ಹುಬ್ಬಳ್ಳಿ ಧಾರವಾಡದ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುತ್ತಾರೆ. ಕಳೆದ ವರ್ಷ ಒಂದು ಕೆಲಸಕ್ಕೆ ರಸ್ಟ್ ಬಲ್ಲವರನ್ನು ನಾನು ಮೂರು ತಿಂಗಳು ಹುಡುಕಿದೆ. ಇಬ್ಬರು ಸಿಕ್ಕರು, ಇಬ್ಬರೂ ಬೆಂಗಳೂರಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ನಿಮಗೆ ತಂತ್ರಾಂಶ ಮಾರುವ ಸಣ್ಣ ಕಂಪನಿಯಲ್ಲಿ ಆ ಭಾಷೆ ಬಲ್ಲವರು ಒಬ್ಬರೇ ಇದ್ದು, ಅವರು ಕೆಲಸ ಬಿಟ್ಟರೆ, ತಿಜೋರಿ ಎಷ್ಟೇ ಭದ್ರವಾಗಿದ್ದರೂ ಅದರ ಕೀಲಿ ಬೇರೆ ಊರಿನಲ್ಲಿ ಇದ್ದಂತೆ.

ಗೌರವಾನ್ವಿತರೇ, ಟೋನಿ ಹೋರ್ ಎಂಬ ಬ್ರಿಟಿಷ್ ವಿಜ್ಞಾನಿ 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತ ಒಂದು ಪ್ರಸಂಗ ಹೇಳಿದ್ದರು. ಅರವತ್ತರ ದಶಕದಲ್ಲಿ ಅವರ ತಂಡ ಕಟ್ಟಿದ, ಆಲ್ಗಾಲ್ ಎಂಬ ಭಾಷೆಯ ಕಂಪೈಲರ್ ಪ್ರತಿ ಸಲವೂ ಗಡಿಯನ್ನು ತಪಾಸಿಸುತ್ತಿತ್ತು. ಹಲವು ವರ್ಷಗಳ ನಂತರ ಅವರು ಗ್ರಾಹಕರನ್ನು, ಈ ತಪಾಸಣೆಯನ್ನು ನಿಲ್ಲಿಸುವ ಸೌಲಭ್ಯ ಕೊಡಬೇಕೇ, ವೇಗ ಹೆಚ್ಚುತ್ತದೆ ಎಂದು ಕೇಳಿದರು. ಗ್ರಾಹಕರು ಒಕ್ಕೊರಲಿನಿಂದ ಬೇಡ ಎಂದರು. ತಪ್ಪು ಎಷ್ಟು ಸಲ ಆಗುತ್ತದೆ ಎಂಬುದನ್ನು ಅವರು ಆಗಲೇ ಕಂಡಿದ್ದರು. ನಾನು ಮೆಚ್ಚುವುದು ಆ ಗ್ರಾಹಕರನ್ನು ಮಾತ್ರವಲ್ಲ, ಅವರನ್ನು ಕೇಳಿದವರನ್ನು ಸಹ. ನಮ್ಮ ಸಂಘಗಳನ್ನು ಯಾರೂ ಕೇಳುವುದಿಲ್ಲ. ವೇಗ ಬೇಕೋ ತಪಾಸಣೆ ಬೇಕೋ, ಊರಿನಲ್ಲಿ ದುರಸ್ತಿಯಾಗುವ ಭಾಷೆ ಬೇಕೋ ಕಟ್ಟುನಿಟ್ಟಿನ ಭಾಷೆ ಬೇಕೋ ಎಂಬ ತೀರ್ಮಾನವನ್ನು ಬೇರೆ ಯಾರೋ ಮಾಡುತ್ತಾರೆ, ಅದರ ಬೆಲೆಯನ್ನು ಸಿದ್ದಪ್ಪನಂಥವರು ತೆರುತ್ತಾರೆ.

ಸರಕಾರದ ಯೋಜನೆಯಡಿ ಗಣಕೀಕರಣವಾಗುತ್ತಿರುವ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಒಂದೇ ರಾಷ್ಟ್ರೀಯ ತಂತ್ರಾಂಶ ಬರುತ್ತಿದೆ, ಅಲ್ಲಿ ಭಾಷೆಯ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ತಾವೇ ದರಪಟ್ಟಿ ಕರೆದು ತಾವೇ ಕೊಳ್ಳುವ ಉಳಿದ ಸಂಘಗಳಲ್ಲಿ ನನ್ನ ವಿನಂತಿ ಇದು.

ಕರಾರು ಪತ್ರದಲ್ಲಿ ತಂತ್ರಾಂಶದ ಭಾಷೆ, ಅದರ ಆವೃತ್ತಿ, ಆ ಆವೃತ್ತಿಗೆ ಎಲ್ಲಿಯವರೆಗೆ ತಿದ್ದುಪಡಿಗಳು ಸಿಗುತ್ತವೆ ಎಂಬುದನ್ನು ಬರೆಸಿಕೊಳ್ಳಿ. ಪೈಥಾನ್‌ನ ಎರಡನೆಯ ಪೀಳಿಗೆಗೆ 2020ರ ಜನವರಿ 1ರಿಂದ ಬೆಂಬಲ ನಿಂತಿತು, ಅದರಲ್ಲಿ ಬರೆದ ತಂತ್ರಾಂಶ ಕೊಂಡ ಸಂಘಗಳು ಎರಡನೆಯ ಸಲ ದುಡ್ಡು ಕೊಟ್ಟದ್ದನ್ನು ನಾನು ನೋಡಿದ್ದೇನೆ. ಹಣವನ್ನು ಭಿನ್ನರಾಶಿಯಲ್ಲಿ ಇಡುವುದಿಲ್ಲ, ಪೂರ್ಣ ಪೈಸೆಯಲ್ಲೋ ದಶಮಾಂಶ ಸಂಖ್ಯೆಯಲ್ಲೋ ಇಡುತ್ತೇವೆ ಎಂಬ ಮಾತನ್ನು ಸಹಿಯೊಂದಿಗೆ ಪಡೆಯಿರಿ. ಭಾಷೆ ಕೊಡುವ ತಪಾಸಣೆಗಳಲ್ಲಿ ಯಾವುದನ್ನಾದರೂ ನಿಲ್ಲಿಸಿದ್ದರೆ ಯಾವುದನ್ನು, ಏಕೆ ಎಂದು ತಿಳಿಸಲಿ. ಹೊರಗಿನಿಂದ ಸೇರಿಸಿದ ಲೈಬ್ರರಿಗಳ ಪಟ್ಟಿ ಕೊಡಲಿ, ಅವುಗಳಲ್ಲಿ ದೋಷ ಕಂಡರೆ ತಿದ್ದುವವರು ಯಾರು ಎಂದು ಹೆಸರಿಸಲಿ. ಮೂಲ ಕೋಡಿನ, ಅಂದರೆ ಪ್ರೋಗ್ರಾಮರ್ ಬರೆದ ಸಾಲುಗಳ, ಒಂದು ಪ್ರತಿ ಸಂಘದ ವಶದಲ್ಲಿ ಇರಲಿ.

ಹಳೆಯದನ್ನೆಲ್ಲ ಒಮ್ಮೆಗೇ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಗೂಗಲ್‌ನವರು ಆಂಡ್ರಾಯ್ಡ್‌ನಲ್ಲಿ ಹೊಸ ಭಾಗಗಳನ್ನು ಮಾತ್ರ ಮೆಮೊರಿ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಹೋದರು. ಅಷ್ಟರಿಂದಲೇ, ಒಟ್ಟು ಭದ್ರತಾ ದೋಷಗಳಲ್ಲಿ ಮೆಮೊರಿ ದೋಷಗಳ ಪಾಲು 2019ರಲ್ಲಿ ಶೇಕಡ 76 ಇದ್ದದ್ದು 2024ರಲ್ಲಿ ಶೇಕಡ 24ಕ್ಕೆ ಇಳಿಯಿತು. ಓಡುತ್ತಿರುವ ಹಳೆಯ ಪ್ರೋಗ್ರಾಂನ ಗುಣದೋಷ ನಿಮಗೆ ಗೊತ್ತಿದೆ, ಹೊಸದರದು ಗೊತ್ತಿಲ್ಲ. ಆದ್ದರಿಂದ ಒಂದು ಪೂರ್ತಿ ವರ್ಷ, ಮಾರ್ಚ್ 31 ದಾಟುವವರೆಗೆ, ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಸಿ. ಪ್ರತಿ ಸಂಜೆಯ ಅಖೈರು ಶಿಲ್ಕನ್ನಾದರೂ ಕೈಯಲ್ಲಿ ಬರೆದಿಡಿ. ದೇಶದ ಅತ್ಯಂತ ಹಳೆಯ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ್ದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಅಂದು ಲೆಕ್ಕ ನಿಂತದ್ದು ಕೈಬರಹದ ಪುಸ್ತಕಗಳ ಮೇಲೆ, ಯಾರು ಬೇಕಾದರೂ ತೆರೆದು ಓದಬಹುದಾದ ಪುಸ್ತಕಗಳ ಮೇಲೆ. ಇಂದಿನ ಲೆಕ್ಕ ಯಾವ ಭಾಷೆಯಲ್ಲಿದೆ ಎಂದು ಕೇಳುವ ಹಕ್ಕಾದರೂ ಶೇರುದಾರರಿಗೆ ಇರಲಿ.

ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಗಣಕ ವಿಭಾಗಗಳಲ್ಲಿಯೂ ಒಂದು ಕೋರಿಕೆ: ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಸಂಘಗಳ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಕೊಡಿ. ಕನ್ನಡದ ಉದ್ದ ಹೆಸರುಗಳು, ಸೊನ್ನೆ ಶಿಲ್ಕು, ಎರಡು ಕೋಟಿ ದಾಟಿದ ಮೊತ್ತ, ಫೆಬ್ರುವರಿ 29, ವರ್ಷಾಂತ್ಯದ ಬಡ್ಡಿ, ಇಷ್ಟನ್ನು ಹಾಕಿ ನೋಡಿದರೂ ಬಹಳಷ್ಟು ಹೊರಬೀಳುತ್ತದೆ.

ನನ್ನ ಸಂಘದ ಆಡಳಿತ ಮಂಡಳಿ ಮುಂದಿನ ತಿಂಗಳು ಕರಾರಿಗೆ ಸಹಿ ಹಾಕಲಿದೆ ಎಂದು ತಿಳಿದಿದೆ. ಅದಕ್ಕೂ ಮುನ್ನ, ಅಧ್ಯಕ್ಷರು ಹೇಳಿದ ದಿನ, ಹೇಳಿದ ಹೊತ್ತಿಗೆ ನಾನು ಕಚೇರಿಗೆ ಬರುತ್ತೇನೆ. ಕಂಪನಿಯವರೂ ತಮ್ಮ ತಂತ್ರಾಂಶದೊಂದಿಗೆ ಬರಲಿ. ಸದಸ್ಯರ ಎದುರಿನಲ್ಲಿ ಮೊದಲು ಚನ್ನಬಸಪ್ಪ ಎಂಬ ಹೆಸರು ಹಾಕೋಣ, ಆಮೇಲೆ ಸಿದ್ದಪ್ಪ, ಆಮೇಲೆ ಮಲ್ಲಿಕಾರ್ಜುನಗೌಡ. ಪ್ರತಿ ಹೆಸರಿನ ನಂತರ ಶಿಲ್ಕನ್ನು ಪೈಸೆಯವರೆಗೂ ಓದಿ ಹೇಳಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶೇರುದಾರಳು
ಗದಗ